ಕಾರವಾರದ ತಂಗಿಗೆ, ಬ್ಯಾಗು ಕಟ್ಟುವ ಮೊದಲು

ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರದ ಎಂಎಸ್‌ಸಿ ಮುಗಿಸಿದ್ದೀಯ. ಅಮೆರಿಕದಲ್ಲಿ ಎನ್ವಿರಾನ್‌ಮೆಂಟಲ್ ಹೆಲ್ತ್ (ಪರಿಸರದಿಂದ ಆರೋಗ್ಯಕ್ಕೆ ಏನಾಗುತ್ತದೆ ಅನ್ನುವ ಓದು) ಓದಲು ಎಂಎಸ್, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಎರಡೂ ಸಿಕ್ಕಿವೆ. ಯಾವುದು ಹಿಡಿಯಲಿ, ಸ್ಟ್ಯಾಟಿಸ್ಟಿಕ್ಸ್ ಕಷ್ಟವಾ, ಚಳಿ ತಡೆದೀತಾ, ಊರಿಂದ ಏನೇನು ತರಲಿ ಅಂತ ಕೇಳಿದ್ದೀಯ. ಕಡೆಯದಕ್ಕೆ ಮಾತ್ರ ನನ್ನ ಹತ್ತಿರ ಉದ್ದ ಉತ್ತರ ಇದೆ.

ಚಳಿ ತಡೆಯುತ್ತದೆ. ಕೋಟು ಊರಲ್ಲಿ ಕೊಳ್ಳಬೇಡ. ಎಂಪಿಎಚ್‌ಗೆ ಸಾಮಾನ್ಯವಾಗಿ ಕೈಯಿಂದಲೇ ದುಡ್ಡು. ಪ್ರಬಂಧ ಬರೆಯುವ ಎಂಎಸ್‌ನಲ್ಲಿ ಯಾರಾದರೂ ಪ್ರೊಫೆಸರು ಅಸಿಸ್ಟೆಂಟ್‌ಶಿಪ್ (ಅವರ ಕೈಕೆಳಗೆ ಸಂಬಳದ ಕೆಲಸ) ಕೊಟ್ಟರೆ ಬಚಾವು, ಪಿಎಚ್‌ಡಿಗೂ ಅದೇ ಹತ್ತಿರದ ದಾರಿ. ಕೊಡುತ್ತೇವೆ ಅಂದರೆ ಬರಹದಲ್ಲಿ ತಗೋ. ವೀಸಾಕ್ಕೆ ಕಾಲೇಜು ಕೊಡುವ ಐ-20 ಪತ್ರದಲ್ಲಿ ಸಿಐಪಿ ಕೋಡ್ (ಓದುವ ವಿಷಯದ ಸಂಖ್ಯೆ) ನೋಡಿಕೋ: ಓದು ಮುಗಿದ ಮೇಲೆ 12 ತಿಂಗಳ ಕೆಲಸದ ಪರವಾನಗಿ ಅಷ್ಟೇನೋ, ಮೇಲೆ ಇನ್ನೂ 24 ತಿಂಗಳು ಸಿಗುತ್ತದೋ ಅನ್ನುವುದು ಅದರ ಮೇಲಿದೆ. ಸ್ಟ್ಯಾಟಿಸ್ಟಿಕ್ಸ್‌ಗೆ ಈಗಿಂದಲೇ ‘ಆರ್’ ಅನ್ನುವ ಸಾಫ್ಟ್‌ವೇರ್ ಕಲಿ. ಬಳಚು ಅನ್ನುವ ಕಪ್ಪೆಚಿಪ್ಪಿನ ಮಾಂಸದಲ್ಲಿ ಲೋಹ ಎಷ್ಟಿದೆ ಅಂತ ಅಳೆಯಲು ಬಂದರೆ ನಿನಗೆ ಟಾಕ್ಸಿಕಾಲಜಿ, ಅಂದರೆ ವಿಷಗಳ ಶಾಸ್ತ್ರ, ಅರ್ಧ ಬಂದ ಹಾಗೆ.

ನಾನು ಶಿರಸಿ ಕಡೆಯವನು, ಅಮೆರಿಕಕ್ಕೆ ಇದೇ ಓದಿಗೆ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಬ್ಯಾಗಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು. ಟಿಕೆಟ್ಟಿನ ದುಡ್ಡು ಅಡಿಕೆಯದು. ಮೊದಲ ತಿಂಗಳೇ ತರಗತಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿ ತೋರಿಸಿದರು, ಅದರಲ್ಲಿ ಅಡಿಕೆಯೂ ಇತ್ತು. 2004ರಲ್ಲೇ ಸೇರಿಸಿದ್ದಂತೆ. ಅಪ್ಪನಿಗೆ ಹೇಳಿದರೆ, ‘ಹಾಗಾದರೆ ನಿನ್ನ ಫೀಸು ವಾಪಸ್ ತಗೋ’ ಅಂದ.

ಅದಕ್ಕೆ ನಕ್ಕೆ. ಎರಡನೇ ಸೆಮಿಸ್ಟರಿನಲ್ಲಿ ನಗು ಬರಲಿಲ್ಲ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ದ್ರಾವಣ (ತಾಮ್ರದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಔಷಧಿ) ಹೊಡೆಯುವವರ ಶ್ವಾಸಕೋಶದ ಕಾಯಿಲೆ, 1969ರ ವರದಿ. ಒಳಗೆ ತಾಮ್ರ ಕೂತು ಗಂಟುಗಳಾಗಿ, ಶ್ವಾಸಕೋಶದ ಮೇಲೆ ನೀಲಿ ಮಚ್ಚೆ.

ಆ ನೀಲಿ ನನಗೆ ಗೊತ್ತಿತ್ತು. ನಮ್ಮ ತೋಟದ ಕೊಳೆ ರೋಗಕ್ಕೆ ಅದೇ ಬೋರ್ಡೋ ಹೊಡೆಯಲು ಬರುತ್ತಿದ್ದ, ಅಡಿಕೆ ಮರ ಹತ್ತುವ ಕೊನೆಗೌಡನ ರೆಪ್ಪೆಗಳ ಮೇಲೆ ಸಂಜೆ ಹೊತ್ತಿಗೆ ಅದೇ ಬಣ್ಣ ಒಣಗಿರುತ್ತಿತ್ತು. ಕಿಲೋ ಮೈಲುತುತ್ತ, ಕಿಲೋ ಸುಣ್ಣ, ನೂರು ಲೀಟರ್ ನೀರು. ಡ್ರಮ್ಮಿಗೆ ಕತ್ತಿ ಅದ್ದಿ ನೋಡುವ ಕೆಲಸ ನನ್ನದು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ, ಹಾಗೇ ಹೊಡೆದರೆ ಕೊನೆ (ಅಡಿಕೆ ಗೊಂಚಲು) ಸುಡುತ್ತದೆ. ಕೊನೆ ಸುಡಬಾರದು ಅಂತ ಇಷ್ಟು ಪರೀಕ್ಷೆ ಮಾಡುತ್ತಿದ್ದ ನಾವು, ಮರದ ಮೇಲೆ ಮುಖಕ್ಕೆ ಬರೀ ಟವೆಲ್ಲು ಸುತ್ತಿಕೊಂಡು ಅದನ್ನೇ ಉಸಿರಾಡುತ್ತಿದ್ದವನ ಕೆಮ್ಮನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಅವನ ಮೇಲೆ ಟರ್ಮ್ ಪೇಪರ್ ಬರೆದೆ. ಹೆಸರಿಲ್ಲ, ‘ದಕ್ಷಿಣ ಭಾರತದ ಒಬ್ಬ ಕೃಷಿ ಕಾರ್ಮಿಕ’. ಒಳ್ಳೇ ಗ್ರೇಡು ಬಂತು. 2011ರಲ್ಲಿ ಊರಿಗೆ ಹೊರಟಾಗ ಫಿಲ್ಟರ್ ಇರುವ ನಾಲ್ಕು ಮಾಸ್ಕ್ ಕೊಂಡೆ. ಏರ್‌ಪೋರ್ಟಿನಲ್ಲಿ ಬ್ಯಾಗು 23 ಕಿಲೋ ದಾಟಿತು. ಒಂದು ನಿಮಿಷ ಯೋಚಿಸಿ ಮಾಸ್ಕಿನ ಪೆಟ್ಟಿಗೆ ತೆಗೆದು ಬಿಡಲು ಬಂದ ಗೆಳೆಯನ ಕೈಗೆ ಕೊಟ್ಟೆ. ಚಾಕೊಲೇಟು ಉಳಿಸಿಕೊಂಡೆ, ಅತ್ತೆ-ಚಿಕ್ಕಮ್ಮಂದಿರ ಮಕ್ಕಳು ಕಾಯುತ್ತಿರುತ್ತಾರಲ್ಲ. ಮಾಸ್ಕು ಮುಂದಿನ ಸಲ ಒಯ್ದರಾಯಿತು ಅಂತ.

ಮುಂದಿನ ಸಲ ಅಂದರೆ 2014. ಹಿಂದಿನ ಮಳೆಗಾಲದಲ್ಲೇ ಕೊನೆಗೌಡ ತೀರಿಹೋಗಿದ್ದ. ಬೀಡಿಯೋ, ಬಚ್ಚಲೊಲೆಯ ಹೊಗೆಯೋ, ತುತ್ತವೋ? ಎಷ್ಟು ವರ್ಷ, ದಿನಕ್ಕೆ ಎಷ್ಟು ಡ್ರಮ್ಮು ಹೊಡೆದ ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಈ ಓದು ಓದಿದ ನಾನೂ ಬರೆದಿಡಲಿಲ್ಲ.

ಹಾಗಾಗಿ ಏನು ತರಲಿ ಅಂದೆಯಲ್ಲ, ಒಂದು ನೋಟ್‌ಬುಕ್ ತಾ. ಇನ್ನೂ ದಿನಗಳಿವೆ, ಬೈತಖೋಲ ಬಂದರಿಗೆ ಹೋಗಿ ಕೂತುಕೋ. ಮೀನು ಒಣಗಿಸುವ ಹೆಂಗಸರ ಕೈ ಯಾಕೆ ಬಿರಿದಿದೆ, ಬೋಟಿನ ಇಂಜಿನ್ ಪಕ್ಕ ಮಲಗುವವನಿಗೆ ಕಿವಿ ಎಷ್ಟು ಕೇಳುತ್ತದೆ, ಕೊಂಕಣಿಯಲ್ಲಿ ಕೇಳು, ಅವರು ಹೇಳಿದ ಮಾತಿನಲ್ಲೇ ಬರೆದುಕೋ. ಇಲ್ಲಿಂದ ಪ್ರಶ್ನಾವಳಿ ಹಿಡಿದು ಹೋದವಳಿಗೆ ಅವರು ಕುರ್ಚಿ ಹಾಕಿ ಕೋಕಂ ಶರಬತ್ತು ಕೊಡುತ್ತಾರೆ, ಹಾಗೆ ಮಾತಾಡುವುದಿಲ್ಲ.

ಬಾಂಗಡೆ ಇಲ್ಲೂ ಸಿಗುತ್ತದಂತೆ, ಮಂಜುಗಟ್ಟಿದ್ದು. ತಿನ್ನುವವರ ಮಾತು, ನನಗೆ ಗೊತ್ತಿಲ್ಲ.

ಆ ಸಲ ಒಯ್ದ ಮಾಸ್ಕಿನ ಪೆಟ್ಟಿಗೆ ಈಗ ಊರಲ್ಲಿ ನಮ್ಮನೆ ಮೆತ್ತಿನ ಮೇಲಿದೆ. ಈಗ ಔಷಧಿ ಹೊಡೆಯಲು ಬರುವವನು ಕೊನೆಗೌಡನ ಅಕ್ಕನ ಮಗ. ಒಂದು ದಿನ ಹಾಕಿಕೊಂಡು ನೋಡಿದನಂತೆ. ಸೆಕೆ, ಉಸಿರು ಕಟ್ಟುತ್ತದೆ ಅಂತ ಮರದ ಮೇಲಿಂದಲೇ ಕೆಳಗೆ ಬಿಟ್ಟನಂತೆ.