ಮೂರು ವಾರ ಆಯಿತು, ಬದಲಾವಣೆನೇ ಇಲ್ಲ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ತೂಕ 24 ಕೆ.ಜಿ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಡಾಕ್ಟರು ಅಟೊಮಾಕ್ಸೆಟಿನ್ ಕ್ಯಾಪ್ಸೂಲ್ ಬರೆದುಕೊಟ್ಟರು. ಮೊದಲು 10 ಮಿ.ಗ್ರಾಂ, ಈಗ 18. ಮೂರು ವಾರ ಆದರೂ ಟೀಚರ್ ದೂರು ನಿಂತಿಲ್ಲ. ಅವನಿಗೆ ನುಂಗಲು ಬರುವುದಿಲ್ಲ. ಕ್ಯಾಪ್ಸೂಲ್ ಬಿಚ್ಚಿ, ತಿಂಡಿಗೆ ಮೊದಲೇ ಒಂದು ಚೂರು ಬಾಳೆಹಣ್ಣಿನಲ್ಲಿ ಕಲಸಿ ಕೊಡುತ್ತೇನೆ. ಸ್ಕೂಲ್ ವ್ಯಾನಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದಾನೆ. ಚಟ ಹತ್ತುತ್ತೆ, ನಿಲ್ಲಿಸು ಅಂತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಕ್ಯಾಪ್ಸೂಲ್ ಬಿಚ್ಚುವುದನ್ನು ಬಿಡಿ ಅಮ್ಮ. ಆ ಪುಡಿ ಕಣ್ಣಿಗೆ ಕೆಟ್ಟದ್ದು. ಬೆರಳಿಗೆ ಅಂಟಿದ್ದು ಕಣ್ಣಿಗೆ ತಾಗಿದರೂ ಉರಿಯುತ್ತದೆ. ಹಾಗೇನಾದರೂ ಆದರೆ ತಕ್ಷಣ ನೀರಿನಲ್ಲಿ ತೊಳೆಯಿರಿ. ಈ ಔಷಧಿಯನ್ನು ಇಡಿಯಾಗಿಯೇ ನುಂಗಬೇಕು.

ನುಂಗುವುದನ್ನು ಕಲಿಸಬಹುದು. ನನ್ನ ಹತ್ತಿರ ಬರುವ ಮಕ್ಕಳಿಗೆ ಜೀರಿಗೆ ಪೆಪ್ಪರಮೆಂಟಿನಿಂದ ಶುರು ಮಾಡಿಸುತ್ತೇನೆ. ನೆಟ್ಟಗೆ ಕೂರಿಸಿ, ನಾಲಿಗೆ ಮೇಲೆ ಒಂದೇ ಕಾಳು ಇಟ್ಟು, ಒಂದು ಗುಟುಕು ನೀರು ಕುಡಿಸಿ. ಅದು ಸಲೀಸಾದ ಮೇಲೆ ಕ್ಯಾಪ್ಸೂಲ್. ಕ್ಯಾಪ್ಸೂಲ್ ನೀರಿನಲ್ಲಿ ತೇಲುತ್ತದೆ, ಹಾಗಾಗಿ ತಲೆ ಹಿಂದಕ್ಕೆ ಎತ್ತಿಸಬೇಡಿ. ಗಲ್ಲ ಸ್ವಲ್ಪ ಕೆಳಗೆ ಬಾಗಿರಲಿ. ಗದರಬೇಡಿ, ಅವಸರವೂ ಬೇಡ. ಕಲಿಯುವ ತನಕ ಏನು ಮಾಡುವುದು ಎಂದು ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ.

ಖಾಲಿ ಹೊಟ್ಟೆಯಲ್ಲಿ ಇದು ವಾಕರಿಕೆ ತರಿಸುತ್ತದೆ. ಎರಡು ಇಡ್ಲಿ ತಿಂದಾದ ಮೇಲೆ ಕೊಡಿ. ಆಗಲೂ ವಾಂತಿ ಆದರೆ, ಇಲ್ಲವೇ ಕ್ಲಾಸಿನಲ್ಲಿ ತೂಕಡಿಸಿದರೆ, ಸಂಜೆ ಕೊಡಬಹುದಾ, ಎರಡು ಹೊತ್ತಿಗೆ ಹಂಚಬಹುದಾ ಎಂದು ಡಾಕ್ಟರನ್ನು ಕೇಳಿ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ಕೊಡಿ. ಮಾರನೇ ದಿನ ಡಬಲ್ ಕೊಡಬೇಡಿ.

ಇನ್ನು ಮೂರು ವಾರದ ಮಾತು. ಮಿಥೈಲ್‌ಫೆನಿಡೇಟ್ ಎಂಬ ಇನ್ನೊಂದು ಮಾತ್ರೆ ಇದೆ. ಅದು ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಸಾಮಾನ್ಯ ಮಾತ್ರೆಯಾದರೆ ಸುಮಾರು ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ. ಅಟೊಮಾಕ್ಸೆಟಿನ್ ಹಾಗಲ್ಲ. ಇದರ ಲೆಕ್ಕ ವಾರಗಳಲ್ಲಿ. ಒಂದೆರಡು ವಾರಕ್ಕೆ ಚೂರುಪಾರು ಕಾಣಬಹುದು. ಪೂರ್ತಿ ಬಲ ಬರಲು 4ರಿಂದ 6 ವಾರ, ಕೆಲವು ಮಕ್ಕಳಿಗೆ ಇನ್ನೂ ಜಾಸ್ತಿ ಬೇಕು. ಈ ತೂಕದ ಮಕ್ಕಳಿಗೆ ಕೆ.ಜಿ.ಗೆ ದಿನಕ್ಕೆ ಸುಮಾರು 1.2 ಮಿ.ಗ್ರಾಂ ಗುರಿ. ನಿಮ್ಮ ಮಗ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಡಾಕ್ಟರು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದಾರೆ ಅಷ್ಟೇ. ನೀವಾಗಿ ಏರಿಸಬೇಡಿ, ನೀವಾಗಿ ನಿಲ್ಲಿಸಲೂಬೇಡಿ.

ಬದಲಾವಣೆ ಟೀಚರ್ ಬಾಯಲ್ಲಿ ಕೇಳುವ ಮೊದಲೇ ಮನೆಯಲ್ಲಿ ಕಾಣಬಹುದು. ಒಂದು ದಿನ ನೀರಿನ ಬಾಟಲ್ ಮರೆಯದೆ ವಾಪಸ್ ತರುತ್ತಾನೆ. ಸಂಜೆ ಹೋಂವರ್ಕಿಗೆ ಕೂತವನು ನಾಲ್ಕು ಲೆಕ್ಕ ಆದ ಮೇಲೆ ಏಳುತ್ತಾನೆ. ಇಂಥದ್ದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ, ಡಾಕ್ಟರಿಗೆ ತುಂಬಾ ಉಪಯೋಗ.

ಹಸಿವು ಸ್ವಲ್ಪ ಕಡಿಮೆ ಆಗಬಹುದು. ತೂಕ, ನಾಡಿ, ಬಿಪಿ ಆಗಾಗ ನೋಡಿಸಿ. ಆದರೆ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಇದ್ದಕ್ಕಿದ್ದಂತೆ ಮಂಕಾದರೆ ಅಥವಾ ರೇಗಾಡಿದರೆ, ಸಾಯುವ ಮಾತು ಆಡಿದರೆ ಒಂದು ದಿನವೂ ಕಾಯಬೇಡಿ, ಅಂದೇ ತೋರಿಸಿ. ಇವು ಅಪರೂಪ. ಅಪರೂಪ ಅಂತ ಹೇಳದೇ ಬಿಡಲು ನನಗೆ ಮನಸ್ಸಿಲ್ಲ.

ಚಟ ಹತ್ತುವ ಔಷಧಿ ಇದಲ್ಲ. ಅತ್ತೆಯವರ ಭಯ ಮೊಮ್ಮಗನ ಮೇಲಿನ ಪ್ರೀತಿಯಿಂದ ಬಂದದ್ದು ಅಲ್ವಾ? ಮುಂದಿನ ಸಲ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರೇ ಕೇಳಲಿ.