‘ತಲೆಕೆಳಗಾದ ಬ್ಯಾಂಕಾಕ್’ ಕಳಿಸಿದವರಿಗೆ

ನಮಸ್ಕಾರ. ಥಾಯ್ ನಿರ್ದೇಶಕ ಪೆನ್-ಎಕ್ ರತನರುವಾಂಗ್ ಅವರ ‘ಹೆಡ್‌ಶಾಟ್’ (2011) ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಆರು ಪುಟಗಳ ನಡುವೆ ಒಂದು ಸಾಲು ಸಿಕ್ಕಿತು. ಅದಿಲ್ಲದಿದ್ದರೆ ಎರಡೇ ವಾಕ್ಯದಲ್ಲಿ ಉತ್ತರ ಮುಗಿಸುತ್ತಿದ್ದೆ.

ಮೊದಲು ಕತ್ತರಿ. ‘ನುವಾರ್’ (ಕತ್ತಲು ಕವಿದ ಅಪರಾಧ ಚಿತ್ರಗಳ ಬಗೆ) ಎಂದರೇನು ಎಂದು ಒಂದೂವರೆ ಪುಟ ಬರೆದಿದ್ದೀರಿ: ಫ್ರೆಂಚ್ ಪದ, 1940ರ ದಶಕದ ಹಾಲಿವುಡ್, ಒದ್ದೆ ಬೀದಿ, ಸಿಗರೇಟಿನ ಹೊಗೆ. ಅಷ್ಟೂ ಹೋಗಲಿ. ಮುಂದಿನ ಎರಡು ಪುಟ ಬರೀ ಕಥೆ. ಚಿತ್ರ ಕಾಲವನ್ನು ಹಿಂದೆ ಮುಂದೆ ಕಲಸಿಟ್ಟಿದೆ, ನೀವು ಕೂತು ಸಿಕ್ಕು ಬಿಡಿಸಿದ್ದೀರಿ: ಪ್ರಾಮಾಣಿಕ ಪೊಲೀಸ್ ತುಲ್, ಪ್ರಭಾವಿಗಳ ಆಮಿಷ, ಸುಳ್ಳು ಕೇಸು, ಜೈಲು, ಕಾನೂನಿಗೆ ಸಿಗದವರನ್ನು ಮುಗಿಸುವ ಗುಂಪು, ಕೊನೆಗೆ ತಲೆಗೆ ಗುಂಡು. ಹೀಗೆ ಹೇಳಿದರೆ ಯಾವ ಊರಿನ ಪೊಲೀಸ್ ಸಿನಿಮಾವಾದರೂ ಆಗಬಹುದು.

ಕೊಲ್ಲಲು ಹೋಗುವಾಗ ತುಲ್ ಹಾಕಿದ್ದು ‘ಸ್ವಾಮೀಜಿ ವೇಷ’ ಎಂದಿದ್ದೀರಿ. ಸ್ವಾಮೀಜಿ ಎಂದ ತಕ್ಷಣ ನಮ್ಮ ಓದುಗರಿಗೆ ಮಠ, ಪೀಠ, ಪಾದಪೂಜೆ ಕಾಣುತ್ತವೆ. ಥಾಯ್ಲೆಂಡಿನ ಭಿಕ್ಷು ಬೆಳಗಾದರೆ ಪಾತ್ರೆ ಹಿಡಿದು ಬೀದಿಗಿಳಿಯುವವನು. ಜನ ಅನ್ನ ಹಾಕಿ ಕೈಮುಗಿಯುತ್ತಾರೆ. ಆ ಕಾಷಾಯವನ್ನು ತಡೆದು ನಿಲ್ಲಿಸಲು ಯಾರಿಗೂ ಮನಸ್ಸು ಬಾರದು; ಕೊಲೆಗಾರನಿಗೆ ಬೇಕಾದ್ದೂ ಅದೇ. ಪದ ತಪ್ಪಿದ್ದರಿಂದ ದೃಶ್ಯವೇ ಕೈತಪ್ಪಿದೆ. ಇನ್ನೊಂದು, ಉದ್ದಕ್ಕೂ ‘ರತನರುವಾಂಗ್’ ಎಂದು ಬರೆದಿದ್ದೀರಿ. ಥಾಯ್ ಜನ ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಪೆನ್-ಎಕ್ ಎಂದರೆ ಸಾಕು.

ಮೂರು ತಿಂಗಳ ಕೋಮಾದಿಂದ ಎದ್ದ ತುಲ್‌ಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅದು ‘ಭ್ರಷ್ಟ ವ್ಯವಸ್ಥೆಯ ಪ್ರತೀಕ’ ಎಂದು ನೀವು ನಾಲ್ಕು ಕಡೆ ಹೇಳಿದ್ದೀರಿ. ಹೌದು ಸ್ವಾಮಿ, ಅದು ಟಿಕೆಟ್ ಹರಿಯುವವನಿಗೂ ಗೊತ್ತಾಗುತ್ತದೆ. ಚಿತ್ರದ ಥಾಯ್ ಹೆಸರನ್ನು ಮಾತ್ರ ಎಲ್ಲೂ ಹೇಳಿಲ್ಲ. ಅದು ‘ಫೋನ್ ತೋಕ್ ಖುನ್ ಫಾ’, ಮಳೆ ಮುಗಿಲಿಗೆ ಸುರಿಯುತ್ತದೆ ಎಂದರ್ಥ. ಚಿತ್ರಕ್ಕೆ ಆಧಾರವಾದ ವಿನ್ ಲಿಯೋವಾರಿನ್ ಅವರ ಕಾದಂಬರಿಯ ಹೆಸರೂ ಅದೇ. ಪ್ರತೀಕದ ಮಾತಿಲ್ಲದೆ ಆ ಹೆಸರೇ ಎಲ್ಲ ಹೇಳುತ್ತಿತ್ತು.

ಇನ್ನು ಆ ಸಾಲು. ಐದನೇ ಪುಟದಲ್ಲಿ, ‘ಇದೇ ನಿರ್ದೇಶಕರ 1999ರ ಸಿಕ್ಸ್‌ಟಿನೈನ್ ಚಿತ್ರದಲ್ಲೂ ಒಂದು ಅಂಕಿ ತಲೆಕೆಳಗಾಗುತ್ತದೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಲ್ಲಬೇಕಾಗಿದ್ದದ್ದು ಅಲ್ಲೇ! 1997ರ ಜುಲೈ 2ರಂದು ಥಾಯ್ಲೆಂಡಿನ ನಾಣ್ಯ ಬಾತ್ ಕುಸಿಯಿತು, ಆ ವರ್ಷ ಮುಗಿಯುವುದರೊಳಗೆ 56 ಹಣಕಾಸು ಕಂಪನಿಗಳಿಗೆ ಬೀಗ ಬಿತ್ತು. ಚಿತ್ರದಲ್ಲಿ ಅಂಥದ್ದೊಂದು ಕಂಪನಿಯಲ್ಲಿ ಯಾರನ್ನು ತೆಗೆಯಬೇಕೆಂದು ಚೀಟಿ ಎತ್ತಿದ ಹಾಗೆ ಆರಿಸಿ ತುಮ್ ಎಂಬವಳನ್ನು ಮನೆಗೆ ಕಳಿಸುತ್ತಾರೆ. ಅವಳ ಬಾಗಿಲ ಮೇಲಿನ 6ರ ಮೊಳೆ ಸಡಿಲ. ಅಂಕಿ ಜಾರಿದರೆ 9. ಹಾಗಾಗಿ ಬೇರೆಯವರಿಗೆ ಸೇರಬೇಕಾದ ನೂಡಲ್ಸ್ ಪೆಟ್ಟಿಗೆ ಅವಳ ಬಾಗಿಲಿಗೆ ಬರುತ್ತದೆ, ಒಳಗೆ ದುಡ್ಡು. ಆಮೇಲೆ ಹೆಣಗಳು. (ಒಂದನೇ ಕ್ಲಾಸಿನಲ್ಲಿ ೬, ೯ ಅದಲುಬದಲು ಬರೆದು ಕಿವಿ ಹಿಂಡಿಸಿಕೊಂಡವರಿಗೆ ಇದು ಬೇಗ ನಾಟುತ್ತದೆ.)

ತುಮ್‌ಳ ಲೋಕ ಬುಡಮೇಲಾಗಲು ಒಂದು ಮೊಳೆ ಸಾಕಾಯಿತು, ಅದರಲ್ಲಿ ಅವಳ ಪಾತ್ರವೇನೂ ಇಲ್ಲ. ಹನ್ನೆರಡು ವರ್ಷದ ನಂತರ ಅದೇ ನಿರ್ದೇಶಕ ತುಲ್‌ನ ಕಣ್ಣೊಳಗೇ ಲೋಕವನ್ನು ತಿರುಗಿಸುತ್ತಾರೆ, ಇಲ್ಲಿ ಟ್ರಿಗರ್ ಒತ್ತುವ ಕೆಲಸವನ್ನು ಅವನೇ ಒಪ್ಪಿಕೊಂಡವನು. ಪೆನ್-ಎಕ್ ಬಾಗಿಲಿನಿಂದ ಕಣ್ಣಿಗೆ ಯಾಕೆ ಬಂದರು? ಈ ಪ್ರಶ್ನೆ ಹಾಕಿಕೊಂಡವರನ್ನು ನಾನಿನ್ನೂ ಕನ್ನಡದಲ್ಲಿ ಓದಿಲ್ಲ. ನೀವು ಬರೆಯಿರಿ.

ಮೂರು ಪುಟ ಮೀರಬೇಡಿ. ತುಮ್‌ಳ ಬಾಗಿಲಿನಿಂದ ಶುರುವಾಗಲಿ, ತುಲ್ ತಡವಾಗಿ ಬಂದರೂ ಪರವಾಗಿಲ್ಲ. ಶೀರ್ಷಿಕೆ ಚೆನ್ನಾಗಿದೆ, ಅದನ್ನು ಮುಟ್ಟುವುದಿಲ್ಲ. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ಆ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.