ನಿಮ್ಮ ಕಥೆಯ ಥೆರಪಿಸ್ಟ್ ಯಾಕೆ ತೀರ್ಪು ಕೊಡುತ್ತಾರೆ?

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದ ಹುಡುಗಿ, ಒಬ್ಬರ ಮುಖ ಒಬ್ಬರು ನೋಡದ ಅಪ್ಪ ಅಮ್ಮ, ಮೂವರೂ ಥೆರಪಿಸ್ಟ್ ಮುಂದೆ ಕೂತಿದ್ದಾರೆ. ಹುಡುಗಿ ಸುಮ್ನೆ ಬ್ಯಾಗಿನ ಜಿಪ್ ಎಳೆಯುತ್ತಾ ಕೂರುವುದು ತುಂಬಾ ಹಿಡಿಸಿತು. ಆದರೆ ಥೆರಪಿಸ್ಟ್ ಬಾಯಿ ತೆರೆದ ಕೂಡಲೇ ಕಥೆ ದಾರಿ ತಪ್ಪಿದೆ. ಹತ್ತೇ ನಿಮಿಷಕ್ಕೆ ಅಪ್ಪನಿಗೆ 'ತಪ್ಪು ನಿಮ್ಮದೇ' ಎನ್ನುತ್ತಾರೆ, ಅಪ್ಪ ಅಳುತ್ತಾನೆ, ಮಗಳು ಮರುದಿನವೇ ಶಾಲೆಗೆ ಹೊರಡುತ್ತಾಳೆ. ಹೀಗಿದ್ದರೆ ಪ್ರಕಟಿಸಲು ಆಗುವುದಿಲ್ಲ.

ಹೀಗೆ ತೀರ್ಪು ಕೊಡುವುದು ನ್ಯಾಯಾಧೀಶರ ಕೆಲಸ. ಇಡೀ ಕುಟುಂಬವನ್ನು ಒಂದು ವ್ಯವಸ್ಥೆಯಾಗಿ ನೋಡುವ ಥೆರಪಿಸ್ಟ್ ತಪ್ಪು ಯಾರದೆಂದು ಹುಡುಕುವುದಿಲ್ಲ. ಒಬ್ಬರ ನಡೆಗೆ ಇನ್ನೊಬ್ಬರು ಏನು ಮಾಡುತ್ತಾರೆ, ಅದನ್ನು ಕಂಡು ಮೊದಲಿನವರು ಮತ್ತೇನು ಮಾಡುತ್ತಾರೆ ಎನ್ನುವ ಸುತ್ತನ್ನು ಹುಡುಕುತ್ತಾರೆ. ಅಪ್ಪ ಗದರಿದಷ್ಟೂ ಅಮ್ಮ ಮಗಳನ್ನು ಕಾಯಲು ಅಡ್ಡ ನಿಲ್ಲುತ್ತಾಳೆ, ಅಮ್ಮ ಅಡ್ಡ ನಿಂತಷ್ಟೂ ಅಪ್ಪ ಜಾಸ್ತಿ ಗದರುತ್ತಾನೆ. ಇದನ್ನು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಅಲ್ವಾ? ನಿಮ್ಮ ಥೆರಪಿಸ್ಟ್ ಕಣ್ಣಿಗೆ ಮಾತ್ರ ಬಿದ್ದಿಲ್ಲ. ಅಪ್ಪನನ್ನು ದೂರಿದ ಗಳಿಗೆಯಲ್ಲೇ ಅವರೂ ಆ ಸುತ್ತಿನೊಳಗೆ ಸೇರಿ ಅಮ್ಮನ ಪಕ್ಷ ಹಿಡಿದರು. ನಿಜವಾದ ಅಪ್ಪನಾದರೆ ಮುಂದಿನ ಸಲ ಬರುವುದೇ ಅನುಮಾನ.

ಇಟಲಿಯ ಮಿಲಾನ್‌ನಲ್ಲಿ ಕುಟುಂಬ ಥೆರಪಿಸ್ಟ್ ಮಾರಾ ಸೆಲ್ವಿನಿ ಪಲಾಜೋಲಿ ಮತ್ತು ಜೊತೆಗಾರರು 1980ರಲ್ಲಿ ಬರೆದ ಲೇಖನದಲ್ಲಿ ಇದಕ್ಕೊಂದು ಒಳ್ಳೆಯ ಅಳತೆ ಇದೆ. ಮಾತುಕತೆ ಮುಗಿದ ಮೇಲೆ ಥೆರಪಿಸ್ಟ್ ಯಾರ ಕಡೆ ಇದ್ದರು ಎಂದು ಮನೆಯವರನ್ನು ಕೇಳಿದರೆ ಅವರಿಗೆ ಹೇಳಲು ಗೊತ್ತಾಗಬಾರದು. ಹಾಗೆಂದು ಕಲ್ಲಿನಂತೆ ಕೂರಬೇಕಿಲ್ಲ. ಅದೇ ಗುಂಪಿನ ಜಾನ್‌ಫ್ರಾಂಕೋ ಚೆಕಿನ್ 1987ರಲ್ಲಿ ಈ ತಟಸ್ಥತೆಯನ್ನು ಕುತೂಹಲ ಎಂದೇ ವಿವರಿಸಿದರು. (ಹೊಡೆತ ಬಡಿತ ಇರುವ ಮನೆಯಾದರೆ ಮಾತೇ ಬೇರೆ, ಅಲ್ಲಿ ಮೊದಲು ಏಟು ತಿನ್ನುವವರ ಸುರಕ್ಷತೆ ನೋಡಬೇಕು. ನಿಮ್ಮ ಕಥೆಯಲ್ಲಿ ಅದಿಲ್ಲ.)

ಆದ್ದರಿಂದ ಥೆರಪಿಸ್ಟ್ ಕೈಗೆ ಉತ್ತರ ಕೊಡಬೇಡಿ, ಪ್ರಶ್ನೆ ಕೊಡಿ. 'ಯಾಕೆ ಶಾಲೆಗೆ ಹೋಗಲ್ಲ' ಎಂದು ಹುಡುಗಿಯನ್ನು ಎಲ್ಲರೂ ಕೇಳಿ ಆಗಿದೆ. 'ನೀನು ಮನೆಯಲ್ಲೇ ಉಳಿದ ದಿನ ಅಪ್ಪ ಅಮ್ಮ ಜಾಸ್ತಿ ಮಾತಾಡುತ್ತಾರಾ, ಕಡಿಮೆಯಾ?' ಎಂದು ಕೇಳಲಿ. ಇಬ್ಬರ ನಡುವಿನ ವಿಷಯವನ್ನು ಮೂರನೆಯವರ ಬಾಯಲ್ಲಿ ಹೇಳಿಸುವ ಇಂಥ ಪ್ರಶ್ನೆಗಳೇ ಆ ಮಿಲಾನ್ ಗುಂಪಿನ ಮುಖ್ಯ ಸಲಕರಣೆಯಾಗಿದ್ದವು. ಹುಡುಗಿಯ ಕೈ ಜಿಪ್ ಮೇಲೆ ನಿಲ್ಲಲಿ. ಅವಳು ಏನು ಹೇಳುತ್ತಾಳೋ ಎಂದು ಅಪ್ಪ ಅಮ್ಮ ಇಬ್ಬರೂ ಕಾಯಲಿ.

ಕೊನೆಯ ಎರಡು ಪುಟ ತೆಗೆದು, ಅಲ್ಲಿಂದ ಮತ್ತೆ ಬರೆದು ಕಳಿಸಿ. ಕಾದು ಓದುತ್ತೇನೆ.